ಆಸ್ವಾಲ್ಡರ ಹಿಮನದಿ

ಆಸ್ವಾಲ್ಡ್ ಪಿಂಟೊ ದುಬೈಯ ಒಂದು ದೊಡ್ಡ ಹೋಟೆಲಿನಲ್ಲಿ ಇಪ್ಪತ್ತೇಳು ವರ್ಷ ದುಡಿದರು. ಈ ಅವಧಿಯಲ್ಲಿ ಅವರು ಕೈಯಾರೆ ಮಾಡಿದ ನಾಲ್ಕೈದು ಸಾವಿರ ವಸ್ತುಗಳಲ್ಲಿ ಒಂದಾದರೂ ಮರುದಿನದ ಬೆಳಗು ಕಂಡದ್ದಿಲ್ಲ. ಹಾಗೆಂದು ಅವರ ಕೆಲಸದಲ್ಲಿ ಕೊರತೆ ಇತ್ತೆಂದು ಯಾರೂ ತಿಳಿಯಬಾರದು. ಅವರು ಐಸ್ ಕೆತ್ತುವವರು. ಬ್ರಂಚ್ ಮೇಜಿನ ನಡುವೆ ಕತ್ತು ಬಾಗಿಸಿ ನಿಲ್ಲುವ ಹಂಸ, ಸಿಗಡಿ ಜೋಡಿಸಿಡುವ ದೋಣಿ, ಮದುಮಕ್ಕಳ ಹೆಸರಿನ ಮೊದಲ ಅಕ್ಷರಗಳು, ದೊಡ್ಡವರ ಔತಣವಾದರೆ ರೆಕ್ಕೆ ಬಿಚ್ಚಿದ ಗಿಡುಗ, ಎಲ್ಲವೂ ಅವರ ಉಳಿಯಿಂದ ಹೊರಟು, ಮೂರು ಗಂಟೆ ಮೆರೆದು, ಅಡುಗೆಮನೆಯ ಹಿಂದಿನ ಮೋರಿಯಲ್ಲಿ ಹರಿದುಹೋದವು.

ಹೋಟೆಲಿನಲ್ಲಿ ಅವರಿಗೆ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ಕೆಲಸದವರು ಮೊಬೈಲನ್ನು ಲಾಕರಿನಲ್ಲಿಟ್ಟೇ ಔತಣದ ಸಭಾಂಗಣಕ್ಕೆ ಕಾಲಿಡಬೇಕು. ಎರಡನೆಯದು, ಐಸ್ ಕರಗುವುದನ್ನು ಅತಿಥಿಗಳು ನೋಡಬಾರದು. ಹಂಸದ ಕೊಕ್ಕಿನಿಂದ ನೀರು ಹನಿಯತೊಡಗಿದರೆ ಸಾಕು, ದೂರದ ಬಾಗಿಲಲ್ಲಿ ನಿಂತ ಮ್ಯಾನೇಜರ್ ಬಾಯಿ ತೆರೆಯದೆ ಎರಡೂ ಕೈ ಬೀಸುತ್ತಿದ್ದ. ಆಸ್ವಾಲ್ಡ್ ಓಡಿಹೋಗಿ, ಹಂಸದ ಮೇಲೆ ಬಿಳಿ ಮೇಜುಬಟ್ಟೆ ಹೊದೆಸಿ, "ಸಾರಿ ಸರ್, ಸಾರಿ ಮೇಡಂ" ಎನ್ನುತ್ತ, ಹೆಣ ಸಾಗಿಸುವವರ ಹಾಗೆ ಗಾಡಿ ತಳ್ಳಿಕೊಂಡು ಒಳಗೆ ಬರುತ್ತಿದ್ದರು. ಇಪ್ಪತ್ತೇಳು ವರ್ಷದಲ್ಲಿ ಈ ಕಟ್ಟಳೆ ಅವರ ರಕ್ತಕ್ಕೇ ಇಳಿದುಹೋಗಿತ್ತು.

ರಕ್ತದ ವಿಷಯ ಗೊತ್ತಿದ್ದವರು ಅವರ ಹೆಂಡತಿ ಮಾರ್ಟಿನಾ. ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಅವರು ತಾವಿದ್ದ ಅಲ್ ಕುಸೈಸ್ ಬಡಾವಣೆಯ ಅರ್ಧದಷ್ಟು ಜನರ ತೋಳಿಗೆ ಸೂಜಿ ಚುಚ್ಚಿದ್ದರು. ಆದರೆ ಗಂಡನ ಕೆಲಸವನ್ನು ಒಮ್ಮೆಯೂ ಇಡಿಯಾಗಿ ನೋಡಿರಲಿಲ್ಲ. ಮದುವೆಯಾದ ಹೊಸತರಲ್ಲಿ ಆಸ್ವಾಲ್ಡ್ ಒಂದು ಹಂಸದ ತಲೆಯನ್ನು ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದಿದ್ದರು. ಮುಚ್ಚಳ ತೆಗೆದಾಗ ಒಳಗೆ ಸವೆದ ಸೋಪಿನಂಥದ್ದೇನೋ ಇತ್ತು. ಮಾರ್ಟಿನಾ ಒಳ್ಳೆಯ ಮನಸ್ಸಿನವರು. "ಮೀನು ಚೆಂದ ಆಗಿದೆ" ಎಂದಿದ್ದರು. ಆಮೇಲೆ ಆಸ್ವಾಲ್ಡ್ ಏನನ್ನೂ ಮನೆಗೆ ತರಲಿಲ್ಲ.

ಇನ್ನು ತಮ್ಮೂರು ಕಿನ್ನಿಗೋಳಿಯಲ್ಲಿ, ರಜೆಗೆ ಹೋದಾಗಲೆಲ್ಲ, ನೆಂಟರು ಅವರನ್ನು ಐಸ್‌ಕ್ಯಾಂಡಿ ಕಾರ್ಖಾನೆಯವರೆಂದೇ ನಂಬಿದ್ದರು. ಆಸ್ವಾಲ್ಡ್ ತಿದ್ದಲು ಹೋಗುತ್ತಿರಲಿಲ್ಲ. ತಿದ್ದುವುದಾದರೂ ಯಾವುದನ್ನು ತೋರಿಸಿ? ಅವರಿಗಿದ್ದದ್ದು ಒಂದೇ ಆಸೆ, ಅದನ್ನು ಮಾರ್ಟಿನಾಗೆ ಮಾತ್ರ ಹೇಳಿದ್ದರು: ತಾನು ಕೆತ್ತಿದ್ದರ ಒಂದು ಒಳ್ಳೆಯ ಫೋಟೊ, ಅದರ ಕೆಳಗೆ ತನ್ನ ಹೆಸರು. ಊರಿಗೆ ಮರಳುವಾಗ ಚೌಕಟ್ಟು ಹಾಕಿಸಿ ಒಯ್ಯಬೇಕು. ಅಷ್ಟಾದರೆ ಇಪ್ಪತ್ತೇಳು ವರ್ಷ ಪೂರ್ತಿ ನೀರುಪಾಲಾಗಲಿಲ್ಲ ಎಂದುಕೊಳ್ಳಬಹುದಿತ್ತು.

ಆದರೆ ಹೋಟೆಲಿನವರು ಐಸ್ ಕೋಣೆಯನ್ನೇ ಮುಚ್ಚಿದರು. ಹಂಸದ ಜಾಗದಲ್ಲಿ ಗೋಡೆಯಗಲದ ಪರದೆ ಬಂತು. ಅದರಲ್ಲಿ ಹಗಲೂ ರಾತ್ರಿ ಜಲಪಾತ ಸುರಿಯುತ್ತದೆ, ನೆಲ ಒದ್ದೆಯಾಗುವುದಿಲ್ಲ. ಆಸ್ವಾಲ್ಡ್ ಆರು ತಿಂಗಳು ಕಲ್ಲಂಗಡಿಯಲ್ಲಿ ಗುಲಾಬಿ ಕೆತ್ತಿದರು. ಬಳಿಕ ಒಂದು ಕೇಕು ಕತ್ತರಿಸಿ, ಚಪ್ಪಾಳೆ ತಟ್ಟಿ, ಹೋಟೆಲಿನವರು ಅವರನ್ನು ಬೀಳ್ಕೊಟ್ಟರು.

ಆಗ ಅವರ ಕೈಹಿಡಿದವನು ಗುರುನಾಥ. ಧಾರವಾಡದವನು, ಏಸಿ ಕೊಳವೆಗಳ ಎಂಜಿನಿಯರ್. ಕ್ಯಾಮೆರಾ ಹುಚ್ಚು ಹತ್ತಿ ನೌಕರಿ ಬಿಟ್ಟು ಒಂದು ಸಣ್ಣ ಕಂಪನಿ ತೆರೆದಿದ್ದ. ಫೋಟೊ ತೆಗೆಯುವವರನ್ನು ದೋಣಿಯಲ್ಲಿ ಕರೆದೊಯ್ಯುವುದು ಅವನ ವ್ಯಾಪಾರ. ಚಳಿಗಾಲದಲ್ಲಿ ಅಬುಧಾಬಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಕಾಲುವೆಗಳಲ್ಲಿ ಬಕ, ರಾಜಹಂಸ, ಅದೃಷ್ಟವಿದ್ದರೆ ಡಾಲ್ಫಿನ್. ಜುಲೈಯಲ್ಲಿ ನಾರ್ವೆಯ ಉತ್ತರದ ತುದಿಯಲ್ಲಿ ಗ್ಲೇಸಿಯರ್. ದೋಣಿಗೆ ಎಂಟೇ ಜನ. ಒಂಬತ್ತನೆಯವನನ್ನು ಹತ್ತಿಸಿದರೆ ಅದು ಜನರನ್ನು ತುಂಬಿಕೊಂಡು ದೇರಾ ದಂಡೆಗೆ ದಾಟಿಸುವ ಅಬ್ರಾ ದೋಣಿ ಆಗುತ್ತದೆ ಎನ್ನುವುದು ಅವನ ಸಿದ್ಧಾಂತ.

ಮೊದಲ ವರ್ಷ ನಾರ್ವೆಗೆ ಹೋದ ಎಂಟೂ ಜನ ಹನ್ನೊಂದು ಸಾವಿರ ಫೋಟೊಗಳೊಂದಿಗೆ ಮರಳಿದ್ದರು, ಮತ್ತು ಹನ್ನೊಂದು ಸಾವಿರದಲ್ಲೂ ಹಿಮ ತೊಳೆಯದ ಬನಿಯನ್ನಿನ ಬಣ್ಣಕ್ಕಿತ್ತು. ಅಷ್ಟೊಂದು ಬಿಳಿಯನ್ನು ಒಟ್ಟಿಗೆ ಕಂಡರೆ ಕ್ಯಾಮೆರಾ ಬೆಳಕು ಜಾಸ್ತಿಯಾಯಿತೆಂದು ಗಾಬರಿಬಿದ್ದು ಎಲ್ಲವನ್ನೂ ಮಂಕು ಮಾಡುತ್ತದಂತೆ. ಅದನ್ನು ಸರಿಪಡಿಸಲು ಕೈ ಪಳಗಬೇಕು. ಮರುಭೂಮಿಯಲ್ಲಿ ಕುಳಿತವರ ಕೈ ಹಿಮದಲ್ಲಿ ಪಳಗುವುದು ಹೇಗೆ?

"ನೋಡ್ರಿ ಆಸ್ವಾಲ್ಡ್ ಅವ್ರ, ನೀವು ನಮ್ಮ ಕಾಲುವ್ಯಾಗ ಒಂದು ಗ್ಲೇಸಿಯರ್ ನಿಲ್ಲಸ್ರಿ," ಎಂದ ಗುರುನಾಥ, ಒಂದು ಕಪ್ ಚಹಾ ತರಿಸುವಷ್ಟು ಸಲೀಸಾಗಿ. "ಮಂದಿ ದೋಣ್ಯಾಗ ಕೂತು ಪ್ರ್ಯಾಕ್ಟೀಸ್ ಮಾಡ್ಲಿ. ಆಮ್ಯಾಲೆ ನಾರ್ವೆಕ್ಕ ಹೋಗ್ಲಿ."

"ಎಷ್ಟು ದೊಡ್ಡದು ಬೇಕು ಸರ್?"

"ಗ್ಲೇಸಿಯರ್ ಎಷ್ಟ್ ದೊಡ್ಡದು ಇರ್ತದ, ಅಷ್ಟು."

"ಅಷ್ಟು ಯಾವ ಫ್ರೀಜರ್ ವ್ಯಾನಿಗೂ ಹಿಡಿಯುದಿಲ್ಲ ಮಾರಾಯ್ರೆ. ಮೂರು ಬ್ಲಾಕ್ ಆದೀತು."

ಹಾಗೆ ಆಸ್ವಾಲ್ಡ್ ಐವತ್ತೆಂಟನೆಯ ವಯಸ್ಸಿನಲ್ಲಿ ಹಿಮನದಿ ತಯಾರಕರಾದರು. ಒಂದು ವರ್ಷದ ವೀಸಾ, ಅಲ್ ಕುಸೈಸಿನ ಗೋದಾಮಿನಲ್ಲಿ ಒಂದು ಫ್ರೀಜರ್ ಕೋಣೆ, ಮೂರು ಸೀಸನ್ ಹಳೆಯ ಗರಗಸ. ಗುರುನಾಥ ಕಚೇರಿಗಳಿಗೆ ಅಲೆದು ಅನುಮತಿಯನ್ನೂ ತಂದ. ಅದರಲ್ಲಿ ಒಂದು ಷರತ್ತು: ಕಾಲುವೆಗೆ ಶುದ್ಧ ನೀರಲ್ಲದೆ ಬೇರೇನೂ ಸೇರಬಾರದು, ಬಣ್ಣವಿಲ್ಲ, ಉಪ್ಪಿಲ್ಲ. ಸಮುದ್ರಕ್ಕೆ ಉಪ್ಪು ಹಾಕಬಾರದೆಂದು ಬರೆದುಕೊಟ್ಟ ಕಾಗದವನ್ನು ಆಸ್ವಾಲ್ಡ್ ಎರಡೆರಡು ಸಲ ಓದಿದರು.

ಮೊದಲ ಪರೀಕ್ಷೆಯ ದಿನ ಮೂರು ಶಿಖರಗಳ ಸೊಗಸಾದ ಹಿಮಪರ್ವತವೊಂದು ವ್ಯಾನಿನಿಂದಿಳಿದು ನೀರು ಸೇರಿತು. ಸೇರಿದ್ದೇ ಒಮ್ಮೆ ಹೊರಳಿ, ಮಗುಚಿ, ತಲೆ ಕೆಳಗಾಗಿ ನಿಂತಿತು. ಮೇಲೆ ಕಂಡದ್ದು ಒಂದು ಗೇಣು ಚಪ್ಪಟೆ ತಳ. ದೋಣಿ ನಡೆಸುವ ಉಳ್ಳಾಲದ ಸಿದ್ದೀಕ್ ಬಗ್ಗಿ ನೋಡಿ ಕೇಳಿದ:

"ಆಸ್ವಾಲ್ಡಣ್ಣ, ಗುಡ್ಡೆ ಎಲ್ಲಿ ಹೋಯ್ತು?"

ಐಸು ನೀರಿಗೆ ಬಿದ್ದರೆ ಹತ್ತರಲ್ಲಿ ಒಂಬತ್ತು ಪಾಲು ಮುಳುಗುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದವರೆಂದರೆ ಇಪ್ಪತ್ತೇಳು ವರ್ಷ ಐಸನ್ನೇ ಉಸಿರಾಡಿದ ಆಸ್ವಾಲ್ಡ್ ಒಬ್ಬರೇ. ಅವರ ಐಸು ಇಲ್ಲಿಯವರೆಗೆ ಮೇಜಿನ ಮೇಲೆ ನಿಂತಿತ್ತೇ ಹೊರತು ನೀರಿಗಿಳಿದಿರಲಿಲ್ಲ. ನಾಚಿಕೆಯಿಂದ ಅವರ ಕಿವಿ ಕೆಂಪಾಯಿತು. ಮರುವಾರ ಅವರು ನೀರಿನಲ್ಲೂ ಮೇಜನ್ನೇ ಮಾಡಿದರು. ನಾಲ್ಕು ನೀಲಿ ಡ್ರಮ್ಮು, ಮೇಲೆ ಹಲಗೆ, ಹಲಗೆ ನೀರಿಗಿಂತ ಎರಡಿಂಚು ಕೆಳಗೆ ಇರುವಂತೆ ಡ್ರಮ್ಮುಗಳೊಳಗೆ ತಕ್ಕಷ್ಟು ನೀರು. ಹಿಮನದಿ ಈಗ ಔತಣಕೂಟದ ಶಿಸ್ತಿನಲ್ಲಿ ನಿಂತುಕೊಂಡಿತು.

ಫೆಬ್ರವರಿಯ ಕೊನೆಯ ಶನಿವಾರ ಬೆಳಿಗ್ಗೆ ಎಂಟು ಜನ ದೋಣಿ ಹತ್ತಿದರು. ಅವರಲ್ಲಿ ಏಳು ಜನ ನಾರ್ವೆಗೆ ಹಣ ಕಟ್ಟಿದವರು, ತೋಳುದ್ದದ ಲೆನ್ಸುಗಳವರು. ಎಂಟನೆಯವರು ಡಾಕ್ಟರ್ ಮಾಧುರಿ. ಬೆಳಗಾವಿ ಕಡೆಯವರು, ಅಬುಧಾಬಿಯಲ್ಲಿ ಕಣ್ಣಿನ ಡಾಕ್ಟರು. ಜುಲೈಯಲ್ಲಿ ರಜೆ ಸಿಗದ ಕಾರಣ ಅವರಿಗೆ ನಾರ್ವೆ ಇಲ್ಲ. ಒಂದು ಸೀಟು ಖಾಲಿಯಿತ್ತೆಂದು ಅಭ್ಯಾಸಕ್ಕೆ ಮಾತ್ರ ಬಂದಿದ್ದರು. ಪರೀಕ್ಷೆ ಬರೆಯದವರು ಟ್ಯೂಷನ್ನಿಗೆ ಬಂದ ಹಾಗಿತ್ತು ಅವರ ಸ್ಥಿತಿ. ಆಸ್ವಾಲ್ಡ್ ಹಿಮದ ಹಿಂದೆ ಒಂದು ಪುಟ್ಟ ದೋಣಿಯಲ್ಲಿ, ಯಾರಿಗೂ ಕಾಣದಂತೆ ಕುಕ್ಕರುಗಾಲಲ್ಲಿ ಕುಳಿತರು. ಅಭ್ಯಾಸಬಲದಿಂದ ಒಂದು ಬಿಳಿ ಮೇಜುಬಟ್ಟೆಯನ್ನೂ ಇಟ್ಟುಕೊಂಡಿದ್ದರು.

ಸೂರ್ಯ ಹುಟ್ಟಿದಾಗ ಹಿಮನದಿ ಥಳಥಳ ಹೊಳೆಯಿತು. ಅಂಚುಗಳು ಬ್ಲೇಡಿನಂತೆ, ಇಳಿಜಾರು ಗಾಜಿನಂತೆ. ಆಸ್ವಾಲ್ಡರ ಎದೆ ಉಬ್ಬಿತು. ಆಗಲೇ ದೋಣಿಯಿಂದ ಒಂದು ಮಾತು ನೀರ ಮೇಲೆ ತೇಲಿಬಂತು: "ಎಲ್ಲಾ ಸರಿ, ಮದುಮಗಳು ಎಲ್ಲಿ?" ಏಳೂ ಜನ ನಕ್ಕರು. ಗುರುನಾಥನೂ ನಗುವುದು ಕೇಳಿಸಿತು. ಆಸ್ವಾಲ್ಡರಿಗೆ ಅಳುವಷ್ಟು ಬೇಜಾರಾಯಿತು. ಮೂರು ದಿನ ನಿಂತು ಕೆತ್ತಿದ್ದು, ಬೆನ್ನು ಇನ್ನೂ ನೋಯುತ್ತಿತ್ತು.

ಎಂಟೂವರೆಯ ಹೊತ್ತಿಗೆ ಬಿಸಿಲು ತನ್ನ ಉಳಿ ಹಿಡಿದು ಕೆಲಸಕ್ಕೆ ಕೂತಿತು. ನೇರ ಅಂಚುಗಳು ಸೊಟ್ಟಗಾದವು, ಇಳಿಜಾರಿನಲ್ಲಿ ತೂತು ಬಿದ್ದವು, ನಡುವಿನ ಶಿಖರ ಉದ್ದಕ್ಕೆ ಬಿರುಕು ಬಿಟ್ಟು, ಬಿರುಕಿನೊಳಗೆ ತಿಳಿನೀಲಿ ನೆರಳು ಕೂಡಿಕೊಂಡಿತು. ದೋಣಿಯಲ್ಲಿ ನಗು ನಿಂತುಹೋಯಿತು. ಯಾವ ಕೋನದಿಂದ ನೋಡಿದರೂ ಅದೀಗ ಅಪ್ಪಟ ಗ್ಲೇಸಿಯರು. ಅಷ್ಟರಲ್ಲಿ ಕಾಂಡ್ಲಾ ಪೊದೆಯಿಂದ ಬೂದು ಬಣ್ಣದ ಬಕವೊಂದು ಎದ್ದುಬಂದು ನಡುಶಿಖರದ ಮೇಲೆ ಇಳಿಯಿತು. ಕಾಲು ತಣ್ಣಗಾಯಿತೋ ಏನೋ, ಒಂದನ್ನೆತ್ತಿ ಹೊಟ್ಟೆಗೆ ಸೇರಿಸಿಕೊಂಡಿತು.

ಬಕ ಬೆಳಕಿನ ಕಡೆ ಮುಖ ತಿರುಗಿಸುವವರೆಗೆ ಯಾರೂ ಬಟನ್ ಒತ್ತಬಾರದು ಎಂದು ಗುರುನಾಥ ಪಾಠ ಮಾಡಿದ್ದ. ಏಳು ಜನ ಶಿಸ್ತಿನ ವಿದ್ಯಾರ್ಥಿಗಳು ಉಸಿರು ಬಿಗಿಹಿಡಿದು ಕಾದರು.

ಹಿಮದ ಹಿಂದಿನಿಂದ ಆಸ್ವಾಲ್ಡರಿಗೆ ಬಕ ಕಾಣುತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ತೊಟ್ಟಿಕ್ಕುವ ನೀರು, ಬಿರುಕುಬಿಟ್ಟ ಬೆನ್ನು, ಮಾನ ಹೋದ ಮೂರು ಬ್ಲಾಕು ಐಸು. ಹೊರಕ್ಕೆ ತಲೆ ಚಾಚಿ ನೋಡಿದರೆ, ದೋಣಿಯ ಮುಂತುದಿಯಲ್ಲಿ ಗುರುನಾಥ ಬಾಯಿ ತೆರೆಯದೆ ಎರಡೂ ಕೈ ಬೀಸುತ್ತಿದ್ದ. ಅಲುಗಾಡಬೇಡಿ, ಹಕ್ಕಿ ಹಾರಿಹೋದೀತು ಎಂದು ಅವನು ಹೇಳುತ್ತಿದ್ದದ್ದು. ಆಸ್ವಾಲ್ಡ್ ಇಪ್ಪತ್ತೇಳು ವರ್ಷ ಆ ಸನ್ನೆಗೆ ಒಂದೇ ಅರ್ಥ ಕಂಡವರು. ಮೇಜುಬಟ್ಟೆ ಕೊಡವಿ, "ಸಾರಿ ಸರ್, ಸಾರಿ ಮೇಡಂ" ಎನ್ನುತ್ತ ಹಿಮನದಿಯ ಮೇಲೆ ಬೀಸಿ ಹೊದೆಸಿಯೇಬಿಟ್ಟರು. ಬಕ ಹಾರಿತು. ದೋಣಿಯಲ್ಲಿ ಏಳು ಕಂಠಗಳು ಒಟ್ಟಿಗೆ ಚೀರಿದವು.

"ಏನ್ ಮಾಡಿದ್ರಿ ಆಸ್ವಾಲ್ಡ್ ಅವ್ರ! ಏನ್ ಮಾಡಿದ್ರಿ!" ಗುರುನಾಥ ತಲೆ ಚಚ್ಚಿಕೊಂಡ.

"ಕರಗಿತ್ತಲ್ಲ ಸರ್. ನೋಡ್ಲಿಕ್ಕೆ ಆಗ್ತಿರ್ಲಿಲ್ಲ."

"ಕರಗಿದ್ದಕ್ಕಽ ಛಲೋ ಆಗಿತ್ತಲ್ರೀ! ಕೆತ್ತಿದಾಗ ಏನೂ ಇರ್ಲಿಲ್ಲ ಅದರಾಗ!"

ಇಂಥ ಮಾತನ್ನು ಕೆತ್ತಿದವನ ಎದುರು ಆಡಬಾರದು. ಗುರುನಾಥನಿಗೆ ಸಿಟ್ಟಿನಲ್ಲಿ ಅದು ಹೊಳೆಯಲಿಲ್ಲ. ಆಸ್ವಾಲ್ಡ್ ಒದ್ದೆ ಮೇಜುಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕುಳಿತರು.

ದಡಕ್ಕೆ ಬಂದ ಮೇಲೆ ಮಾಧುರಿ ಅವರ ಬಳಿ ಬಂದರು. ಅವರು ಶಿಸ್ತಿನ ವಿದ್ಯಾರ್ಥಿನಿಯಾಗಿರಲಿಲ್ಲ. ಬಕ ಮುಖ ತಿರುಗಿಸಲಿ ಎಂದು ಕಾಯುವ ತಾಳ್ಮೆಯಿಲ್ಲದೆ ಒಂದು ಸಲ ಬಟನ್ ಒತ್ತಿಬಿಟ್ಟಿದ್ದರು, ಒಂದೇ ಒಂದು ಸಲ.

"ಇಲ್ನೋಡ್ರಿ," ಎಂದು ಕ್ಯಾಮೆರಾದ ಪರದೆ ತೋರಿಸಿದರು.

ರೆಕ್ಕೆ ಅರ್ಧ ಬಿಚ್ಚಿದ ಬಕ. ಅದರ ಕೆಳಗೆ ಬಿರುಕಿನ ತುಂಬ ನೀಲಿ ಹಿಡಿದುಕೊಂಡ ಹಿಮ, ಬೆಳ್ಳಗೆ, ಎಲ್ಲಿಯೂ ಮಂಕಾಗದೆ. ಬಲಮೂಲೆಯಲ್ಲಿ ಮೇಜುಬಟ್ಟೆಯ ಅಂಚು ಹಿಡಿದ ಒಂದು ಕೈ. ಆಸ್ವಾಲ್ಡ್ ಬಹಳ ಹೊತ್ತು ನೋಡಿದರು. ಕರಗುವಾಗ ತನ್ನ ಐಸು ಹೀಗಿರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಆ ಹೊತ್ತಿಗೆ ಯಾವಾಗಲೂ ಬಟ್ಟೆ ಹೊದೆಸಿಯಾಗಿರುತ್ತಿತ್ತು. ಅವರಿಗೆ ಖುಷಿಯಾಯಿತು, ಹೊಟ್ಟೆಯೂ ಉರಿಯಿತು. ಎಷ್ಟು ಸಾವಿರ ಚೆಲುವುಗಳನ್ನು ತಾನೇ ಮುಚ್ಚಿ ಒಳಗೊಯ್ದೆನಲ್ಲ ಎಂದು.

"ಇದನ್ನ ದೊಡ್ಡದು ಮಾಡಿಸ್ತೀನ್ರಿ. ಕೆಳಗ ನಿಮ್ಮ ಹೆಸರು ಹಾಕಸ್ತೀನಿ," ಎಂದರು ಮಾಧುರಿ.

ಆ ಮಾತನ್ನು ಆಸ್ವಾಲ್ಡ್ ಮಾರ್ಟಿನಾಗೆ ಅಂದೇ ಮೂರು ಸಲ ಹೇಳಿದರು. ಆಮೇಲೆ ಬೇಸಿಗೆಯಿಡೀ ಅದೇ ಧ್ಯಾನ. ಗೋಡೆಗೆ ಎಷ್ಟು ಅಳತೆಯ ಚೌಕಟ್ಟು ಹಿಡಿಸುತ್ತದೆಂದು ಕಿನ್ನಿಗೋಳಿಗೆ ಫೋನು ಮಾಡಿ ತಮ್ಮನಿಂದ ಅಳೆಸಿದರು.

ಅಕ್ಟೋಬರಿನಲ್ಲಿ ಗುರುನಾಥ ದುಬೈಯ ಅಲ್ ಕೂಜಿನಲ್ಲಿ ಒಂದು ಗೋದಾಮು ಬಾಡಿಗೆಗೆ ಹಿಡಿದು ಫೋಟೊ ಪ್ರದರ್ಶನ ಏರ್ಪಡಿಸಿದ. ನಾರ್ವೆಯ ಮೂವತ್ತು ಚಿತ್ರ, ಅಬುಧಾಬಿಯ ಹತ್ತು. ಮಾಧುರಿಯ ಚಿತ್ರಕ್ಕೆ ಚೀಟಿ ಬರೆಯುವಾಗ ತಕರಾರು ಹುಟ್ಟಿತು. ಅಷ್ಟು ದೂರ ಹೋಗಿ ಬಂದವರ ಗ್ಲೇಸಿಯರಿಗಿಂತ ಅಲ್ ಕುಸೈಸಿನ ಗೋದಾಮಿನ ಗ್ಲೇಸಿಯರೇ ಚೆನ್ನಾಗಿ ಕಾಣುತ್ತಿತ್ತು. ಅದನ್ನು ಒಬ್ಬ ಹೋಟೆಲ್ ಕೆಲಸಗಾರ ಕೆತ್ತಿದ್ದೆಂದು ಬರೆದು ತೂಗಿಹಾಕಿದರೆ ಮುಂದಿನ ವರ್ಷ ನಾರ್ವೆಗೆ ಯಾರು ಬರುತ್ತಾರೆ? ಗುರುನಾಥ ಹೆಸರು ಬೇಡವೆಂದ. ಮೂಲೆಯ ಕೈಯನ್ನೂ ಕತ್ತರಿಸೋಣವೆಂದ.

"ಹೆಸರಿಲ್ಲಂದ್ರ ಕೈಯರ ಇರ್ಲಿ," ಎಂದು ಮಾಧುರಿ ಪಟ್ಟುಹಿಡಿದರು. "ಕೈ ತಗದ್ರ ಫೋಟೊನೂ ತಗೀತೀನಿ ನೋಡ್ರಿ." ಹೀಗೆ ಕೈ ಉಳಿಯಿತು. ಹೆಸರು ಹೋಯಿತು. ಚೀಟಿಯ ಮೇಲೆ ಮೂಡಿದ್ದು: 'ಒಂದು ಬೆಳಿಗ್ಗೆ, ಅಬುಧಾಬಿ. ಡಾ. ಮಾಧುರಿ.'

ಮಾಧುರಿ ಫೋನಿನಲ್ಲಿ ಕ್ಷಮೆ ಕೇಳಿದಾಗ ಆಸ್ವಾಲ್ಡ್, "ಪರವಾಗಿಲ್ಲ ಡಾಕ್ಟ್ರೆ, ಕೈ ಉಂಟಲ್ಲ" ಎಂದರು. ಪರವಾಗಿಲ್ಲ ಎನ್ನುವುದು ಶುದ್ಧ ಸುಳ್ಳು. ಅಂದು ಅವರು ಊಟ ಮಾಡಲಿಲ್ಲ.

ಆದರೂ ಪ್ರದರ್ಶನದ ದಿನ ಮದುವೆಯ ಸೂಟು ತೊಟ್ಟು ಹೊರಟರು. ಮಾರ್ಟಿನಾ ಡ್ಯೂಟಿ ಬದಲಿಸಿಕೊಂಡು ಜೊತೆಗೆ ಬಂದರು. ಒಳಗೆ ನಾರ್ವೆಯ ಮೂವತ್ತು ಚಿತ್ರಗಳು ಸಾಲಾಗಿ ನಿಂತಿದ್ದವು; ಅಭ್ಯಾಸ ಫಲ ಕೊಟ್ಟಿತ್ತು, ಎಲ್ಲದರಲ್ಲೂ ಹಿಮ ಬೆಳ್ಳಗಿತ್ತು. ಜನ ಮುತ್ತಿಕೊಂಡದ್ದು ಮಾತ್ರ ಆಚೆ ಗೋಡೆಯ ಒಂದೇ ಚಿತ್ರವನ್ನು. ಮಾರ್ಟಿನಾ ಜನರನ್ನು ಸರಿಸಿಕೊಂಡು ಮುಂದೆ ಹೋಗಿ ನಿಂತರು. ಆಳೆತ್ತರದ ಚಿತ್ರ. ಅವರು ಅದನ್ನು ತುದಿಯಿಂದ ಬುಡದವರೆಗೆ ನೋಡಿದರು. ಕೊನೆಗೆ ಗಂಡನ ಕಡೆ ತಿರುಗಿ ಕೊಂಕಣಿಯಲ್ಲಿ ಕೇಳಿದರು:

"ಇಷ್ಟು ವರ್ಷ ಮೋರಿಗೆ ಸುರಿದದ್ದು ಇದನ್ನಾ?"

ಆಸ್ವಾಲ್ಡ್ ಹೌದೆಂದು ತಲೆಯಾಡಿಸಿದರು.

ಆಗ ಪಕ್ಕದಲ್ಲಿ ಒಂದು ಗಟ್ಟಿ ದನಿ ಕೇಳಿಸಿತು. ದೇರಾದಲ್ಲಿ ಫೋಟೊ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ಧರ್ಮಪಾಲ, ಚಿತ್ರಗಳ ವಿಷಯದಲ್ಲಿ ತನಗೆ ತಿಳಿಯದ್ದಿಲ್ಲ ಎಂಬ ಭಾವದವನು, ನಾಲ್ಕಾರು ಜನರಿಗೆ ವಿವರಿಸುತ್ತಿದ್ದ.

"ಇದು ಎಐ, ಡೌಟೇ ಬೇಡ. ಅಬುಧಾಬಿಯಲ್ಲಿ ಗ್ಲೇಸಿಯರ್ ಎಲ್ಲಿಂದ ಬರ್ತದೆ ಮಾರಾಯ್ರೆ? ಕಂಪ್ಯೂಟರ್ ಮಾಡಿದ್ದು. ಈ ಮೂಲೆಯ ಕೈ ನೋಡಿ. ಬೆರಳು ಲೆಕ್ಕ ಮಾಡಿ. ಒಂದು, ಎರಡು, ಮೂರು, ನಾಲ್ಕು. ಖಲಾಸ್! ಎಐಗೆ ಎಲ್ಲಾ ಬರ್ತದೆ, ಕೈ ಒಂದು ಮಾಡ್ಲಿಕ್ಕೆ ಬರುದಿಲ್ಲ."

ಜನ ಬಗ್ಗಿ ಎಣಿಸಿದರು. ನಾಲ್ಕೇ ಇದ್ದವು. ಅಯ್ಯೊ ಹೌದಲ್ಲ ಎಂದು ನಕ್ಕರು. ಒಬ್ಬೊಬ್ಬರಾಗಿ ಚಿತ್ರದ ಮುಂದಿನಿಂದ ಕದಲಿ, ಅಸಲಿ ಹಿಮ ನೋಡಲು ನಾರ್ವೆಯ ಗೋಡೆಯತ್ತ ನಡೆದರು.

ಆಸ್ವಾಲ್ಡ್ ಬಲಗೈಯನ್ನು ಮೆಲ್ಲಗೆ ಸೂಟಿನ ಜೇಬಿಗಿಳಿಸಿದರು. ಆ ಕೈಯ ಕಿರುಬೆರಳು ಹೋದದ್ದು ಹದಿಮೂರು ವರ್ಷದ ಹಿಂದೆ, ಒಂದು ದೊಡ್ಡ ಮದುವೆಗೆ ನವಿಲು ಕೊರೆಯುವಾಗ, ಗರಗಸಕ್ಕೆ. ಅಂದೂ ನವಿಲು ಹೊತ್ತಿಗೆ ಸರಿಯಾಗಿ ಮೇಜು ಸೇರಿತ್ತು. ಹೋಟೆಲಿನವರು ಆಸ್ಪತ್ರೆಗೆ ಹೂಗುಚ್ಛ ಕಳಿಸಿದ್ದರು. ಬೆರಳು ಹೋದಾಗಲೂ ಆಗದಿದ್ದ ಅವಮಾನ ಈಗ ಆಯಿತು. ಹೆಸರು ಹೋದರೂ ಕೈ ಉಂಟಲ್ಲ ಎಂದು ಹೇಳಿಕೊಂಡಿದ್ದರು. ಆ ಕೈಯೇ ಅವರು ಇಲ್ಲವೆಂದು ಸಾಕ್ಷಿ ಹೇಳುತ್ತಿತ್ತು.

"ಹೋಗುವ," ಎಂದರು ಹೆಂಡತಿಗೆ.

ಮಾರ್ಟಿನಾ ಹೋಗಲಿಲ್ಲ. ಸೂಜಿಗೆ ಹೆದರುವವರ ತೋಳನ್ನು ದಿನಾ ಎಳೆದುಕೊಳ್ಳುವವರು ಅವರು. ಗಂಡನ ಕೈಯನ್ನು ಜೇಬಿನಿಂದ ಹೊರಗೆಳೆದು, ಗೋಡೆಯ ಮೇಲೆ, ಚಿತ್ರದ ಕೈಯ ಪಕ್ಕದಲ್ಲೇ ಅಗಲವಾಗಿ ಒತ್ತಿಹಿಡಿದರು.

"ಎಣಿಸಿ," ಎಂದರು ಧರ್ಮಪಾಲನಿಗೆ.

ಧರ್ಮಪಾಲ ಎಣಿಸಿದ. ತುಟಿ ಅಲುಗಿಸುತ್ತ, ಚಿತ್ರದ ಕೈಯನ್ನೊಮ್ಮೆ, ಗೋಡೆಯ ಮೇಲಿನ ಕೈಯನ್ನೊಮ್ಮೆ, ಎರಡು ಸಲ ಎಣಿಸಿದ. ಹೊರಟವರಲ್ಲಿ ಕೆಲವರು ಹಿಂದಿರುಗಿ ಬಂದರು. ದೂರದಲ್ಲಿ ಗುರುನಾಥ ಎರಡೂ ಕೈ ಬೀಸುತ್ತಿದ್ದ. ಈ ಸಲ ಆಸ್ವಾಲ್ಡ್ ಅತ್ತ ನೋಡಲಿಲ್ಲ.

"ಹಾಗಾದ್ರೆ..." ಧರ್ಮಪಾಲ ಮತ್ತೆ ಚಿತ್ರದತ್ತ ಬೆರಳು ಮಾಡಿದ. "ಹಾಗಾದ್ರೆ ಆ ಹಕ್ಕಿ ಕೂಡ ನೀವೇ ಮಾಡಿದ್ದಾ?"

"ಹಕ್ಕಿ ನಂದಲ್ಲ ಮಾರಾಯ್ರೆ, ಅದು ಅದರಷ್ಟಕ್ಕೆ ಬಂದದ್ದು," ಎಂದರು ಆಸ್ವಾಲ್ಡ್, ಕೈಯನ್ನು ಗೋಡೆಯಿಂದ ತೆಗೆಯದೆ. "ಐಸ್ ನಂದು."